ಮಾರ್ಗರಿಟಾಕ್ಕೆ ಏಷ್ಯಾದ ಪರಿಮಳ ತರುವುದು ಹೇಗೆ?

ಓದುಗರ ಪ್ರಶ್ನೆ: ಟಕೀಲಾ ಎಂಬ ಮೆಕ್ಸಿಕೋದ ಕತ್ತಾಳೆ ಮದ್ಯದಿಂದ ಮಾಡುವ ಮಾರ್ಗರಿಟಾ ಕಾಕ್‌ಟೇಲ್, ಸಾದಾ ಆದರೆ, ಮನೆಯಲ್ಲಿ ಚೆನ್ನಾಗಿಯೇ ಬರುತ್ತದೆ. ಆದರೆ ಏಷ್ಯಾದ ರುಚಿ ಬರಲೆಂದು ಯುಜು ಎಂಬ ನಿಂಬೆಜಾತಿಯ ಹಣ್ಣಿನ ರಸ, ಶುಂಠಿ, ಲೆಮನ್‌ಗ್ರಾಸ್, ಲಿಚಿ ಮುಂತಾದವನ್ನು ಸೇರಿಸಿದಾಗ ಒಂದೋ ವಿಪರೀತ ಹುಳಿಯಾಗುತ್ತದೆ, ಇಲ್ಲವೇ ಪಾನಕದಂತಾಗಿ ಟಕೀಲಾದ ರುಚಿಯೇ ಮರೆಯಾಗುತ್ತದೆ. ಸರಿಯಾದ ಕ್ರಮ ಯಾವುದು?

ಉತ್ತರ: ಅಂತಾರಾಷ್ಟ್ರೀಯ ಬಾರ್‌ಟೆಂಡರ್‌ಗಳ ಸಂಘದ ಪಟ್ಟಿಯಲ್ಲಿ ಮಾರ್ಗರಿಟಾದ ಅಳತೆ ಹೀಗಿದೆ: 50 ಮಿ.ಲೀ. ಟಕೀಲಾ, 20 ಮಿ.ಲೀ. ಟ್ರಿಪಲ್ ಸೆಕ್ ಎಂಬ ಕಿತ್ತಳೆಯ ಲಿಕ್ಯೂರ್ (ಸಿಹಿ ಮದ್ಯ), 15 ಮಿ.ಲೀ. ತಾಜಾ ನಿಂಬೆರಸ. ಖಾರ, ಹುಳಿ ಮತ್ತು ಸಿಹಿ ಒಂದನ್ನೊಂದು ಹಿಡಿದು ನಿಲ್ಲಿಸಿರುವ ಈ ಅಳತೆಯ ಮೇಲೆ ಹೊಸ ಪದಾರ್ಥವನ್ನು ಬರಿದೇ ಸುರಿದರೆ ಸಮತೋಲ ಕೆಡಲೇಬೇಕು. ಪರಿಮಳವನ್ನು ರಸದ ಮೂಲಕ ತರಲು ಹೊರಟಾಗ ಹುಳಿ ಏರುತ್ತದೆ. ಹಣ್ಣಿನ ತಿರುಳಿನ ಮೂಲಕ ತರಲು ಹೊರಟಾಗ ಪಾನೀಯ ತೆಳುವಾಗುತ್ತದೆ. ಆದ್ದರಿಂದ ನನ್ನ ಖಚಿತ ಸಲಹೆಯೆಂದರೆ, ಹೊಸ ಪರಿಮಳವನ್ನು ಸಕ್ಕರೆ ಪಾಕದೊಳಗೆ ಇಳಿಸಬೇಕು ಮತ್ತು ಆ ಪಾಕಕ್ಕೆ ಜಾಗ ಮಾಡಿಕೊಡಲು ಕಿತ್ತಳೆ ಲಿಕ್ಯೂರನ್ನು ಅರ್ಧಕ್ಕೆ ಇಳಿಸಬೇಕು.

ಇದರಿಂದ ಮೂಲ ಪಾನೀಯಕ್ಕೆ ಅಪಚಾರವಾಗುತ್ತದೆ ಎಂದು ಅಳುಕಬೇಕಾಗಿಲ್ಲ. ನಿಂಬೆ ಮತ್ತು ಕಿತ್ತಳೆ ಎರಡೂ ಏಷ್ಯಾ ಮೂಲದವು. ಅಮೆರಿಕ ಖಂಡಕ್ಕೆ ಅವನ್ನು ಒಯ್ದವರು ಸ್ಪೇನಿನವರು. 1565ರಿಂದ 1815ರವರೆಗೆ ಮನಿಲಾ ಮತ್ತು ಮೆಕ್ಸಿಕೋದ ಅಕಾಪುಲ್ಕೋ ಬಂದರುಗಳ ನಡುವೆ ಹಡಗುಗಳು ಓಡಾಡುತ್ತಿದ್ದವು. ಆ ಹಡಗುಗಳಲ್ಲಿ ಬಂದ ಫಿಲಿಪೀನ್ಸ್ ಜನರ ತೆಂಗಿನ ಮದ್ಯದ ಭಟ್ಟಿ ವಿದ್ಯೆಯೇ ಮೆಕ್ಸಿಕೋದ ಕತ್ತಾಳೆ ಮದ್ಯಕ್ಕೂ ದಾರಿ ತೋರಿತು ಎಂದು ವಾದಿಸುವ ವಿದ್ವಾಂಸರಿದ್ದಾರೆ.

ಪಾಕಕ್ಕೆ 200 ಗ್ರಾಂ ಸಕ್ಕರೆ, 200 ಮಿ.ಲೀ. ನೀರು, ಲೆಮನ್‌ಗ್ರಾಸ್‌ನ ಎರಡು ದಂಟು, ಥಾಯ್ ಅಡುಗೆಯಲ್ಲಿ ಬಳಸುವ ಮಕ್ರುತ್ ನಿಂಬೆಯ ನಾಲ್ಕು ಎಲೆ ಮತ್ತು ಹೆಬ್ಬೆರಳ ತುದಿಯಷ್ಟು ಶುಂಠಿ ಸಾಕು. ಲೆಮನ್‌ಗ್ರಾಸ್‌ನ ಬುಡದ ಬಿಳಿ ಭಾಗವನ್ನಷ್ಟೇ ತೆಗೆದುಕೊಂಡು, ನಾರು ಬಿಡುವಂತೆ ಜಜ್ಜಬೇಕು. ಸಕ್ಕರೆ ಕರಗುವವರೆಗೆ ಮಾತ್ರ ನೀರನ್ನು ಬಿಸಿ ಮಾಡಿ, ಒಲೆಯಿಂದ ಇಳಿಸಿದ ಮೇಲೆ ಈ ಮೂರನ್ನೂ ಹಾಕಿ, ಮುಚ್ಚಳ ಮುಚ್ಚಿ ಅರ್ಧ ಗಂಟೆ ಬಿಡಬೇಕು. ಕುದಿಸುತ್ತಾ ಕೂರುವುದು ಇಲ್ಲಿ ಸಾಮಾನ್ಯವಾಗಿ ಆಗುವ ದೊಡ್ಡ ತಪ್ಪು. ಲೆಮನ್‌ಗ್ರಾಸ್‌ನ ವಾಸನೆಗೆ ಮುಖ್ಯ ಕಾರಣವಾದ ಸಿಟ್ರಾಲ್ ಬೇಗ ಆವಿಯಾಗುವ ವಸ್ತುವಾದ್ದರಿಂದ, ಅಡುಗೆಮನೆ ತುಂಬ ಘಮಘಮಿಸಿದಷ್ಟೂ ಪಾತ್ರೆಯೊಳಗೆ ಉಳಿಯುವುದು ಕಡಿಮೆ. ಎಲೆಗಳನ್ನು ಹೆಚ್ಚು ಬೇಯಿಸಿದರೆ ಕಹಿಯೂ ಇಳಿಯುತ್ತದೆ. ಸೋಸಿ ತಣಿಸಿದ ಪಾಕವನ್ನು ಫ್ರಿಜ್ಜಿನಲ್ಲಿಟ್ಟು ಎರಡು ವಾರದೊಳಗೆ ಮುಗಿಸುವುದು ಒಳ್ಳೆಯದು.

ಟಕೀಲಾ ಆರಿಸುವಾಗ ಶೀಶೆಯ ಮೇಲೆ 100% ಅಗಾವೆ ಎಂದಿದೆಯೇ ನೋಡಬೇಕು. ಹಾಗೆ ಬರೆದಿಲ್ಲದ ಟಕೀಲಾದಲ್ಲಿ ನೀಲಿ ಅಗಾವೆ ಎಂಬ ಕತ್ತಾಳೆಯಿಂದ ಬರುವ ಸಕ್ಕರೆ 51% ಇದ್ದರೂ ಸಾಕು ಎಂಬುದು ನಿಯಮ. ಉಳಿದದ್ದು ಬೇರೆ ಸಕ್ಕರೆ. ಈ ಪಾಕಕ್ಕೆ ಪೀಪಾಯಿಯಲ್ಲಿ ಮಾಗಿಸದ ಬ್ಲಾಂಕೋ ಟಕೀಲಾವೇ ಹೊಂದುತ್ತದೆ, ಏಕೆಂದರೆ ಅದರ ಹಸಿರು ವಾಸನೆ ಮತ್ತು ಮೆಣಸಿನಂಥ ಖಾರ ಲೆಮನ್‌ಗ್ರಾಸ್‌ನೊಂದಿಗೆ ಸಲೀಸಾಗಿ ಬೆರೆಯುತ್ತವೆ. ಕನಿಷ್ಠ ಎರಡು ತಿಂಗಳು ಓಕ್ ಪೀಪಾಯಿಯಲ್ಲಿರುವ ರೆಪೊಸಾಡೋದ ವೆನಿಲಾ ಛಾಯೆಗೆ ಬರೀ ಶುಂಠಿಯ ಪಾಕ ಒಪ್ಪುತ್ತದೆ. ಎಲೆಗಳ ವಾಸನೆಯನ್ನು ಮಾತ್ರ ಅದು ಮಂಕಾಗಿಸುತ್ತದೆ.

ಯುಜು ಜಪಾನಿನಲ್ಲಿ, ವಿಶೇಷವಾಗಿ ಶಿಕೋಕು ದ್ವೀಪದ ಕೋಚಿ ಪ್ರಾಂತದಲ್ಲಿ ಹೆಚ್ಚಾಗಿ ಬೆಳೆಯುವ ಹಣ್ಣು. ಅದರಲ್ಲಿ ಬೀಜ ಹೆಚ್ಚು, ರಸ ಕಡಿಮೆ, ಮತ್ತು ಅದರ ನಿಜವಾದ ಸೊಗಸು ಸಿಪ್ಪೆಯ ಎಣ್ಣೆಯಲ್ಲಿದೆ. ಹಾಗಾಗಿ ನಿಂಬೆರಸವನ್ನು ಪೂರ್ತಿ ತೆಗೆದು ಯುಜು ರಸ ಹಾಕುವುದು ವ್ಯರ್ಥ. ನಿಂಬೆರಸದ ಜೊತೆಗೆ ಒಂದು ಚಹಾ ಚಮಚದಷ್ಟು ಸೇರಿಸಿದರೆ ಪರಿಮಳ ಬರುತ್ತದೆ, ಹುಳಿಯೂ ಹತೋಟಿಯಲ್ಲಿರುತ್ತದೆ. ಶೀಶೆಯಲ್ಲಿ ಬರುವ ಕೆಲವು ಯುಜು ರಸಗಳಿಗೆ ಉಪ್ಪು ಬೆರೆಸಿರುತ್ತಾರಾದ್ದರಿಂದ ಲೇಬಲ್ ಓದಿಯೇ ಬಳಸಬೇಕು.

ಇಷ್ಟಾದ ಮೇಲೆ ಒಂದು ಗ್ಲಾಸಿನ ಅಳತೆ ಇದು: 50 ಮಿ.ಲೀ. ಬ್ಲಾಂಕೋ ಟಕೀಲಾ, 10 ಮಿ.ಲೀ. ಕಿತ್ತಳೆ ಲಿಕ್ಯೂರ್, 10 ಮಿ.ಲೀ. ಲೆಮನ್‌ಗ್ರಾಸ್ ಪಾಕ, ಆಗಷ್ಟೇ ಹಿಂಡಿದ 15 ಮಿ.ಲೀ. ನಿಂಬೆರಸ, 5 ಮಿ.ಲೀ. ಯುಜು ರಸ. ಯುಜು ಸಿಗದಿದ್ದರೆ ಅಷ್ಟೇ ನಿಂಬೆರಸ ಹೆಚ್ಚಿಸಿ, ನಿಂಬೆಸಿಪ್ಪೆಯ ಹಸಿರು ಮೇಲ್ಪದರದ ಒಂದು ತುಂಡನ್ನು ಶೇಕರ್‌ಗೆ ಹಾಕಬಹುದು. ಶೇಕರ್ ತುಂಬ ಗಟ್ಟಿಯಾದ ಐಸ್ ತುಂಬಿಸಿ 12ರಿಂದ 15 ಸೆಕೆಂಡು ಜೋರಾಗಿ ಅಲ್ಲಾಡಿಸಬೇಕು. ಆ ಹೊತ್ತಿನಲ್ಲಿ ಕರಗುವ ನೀರೂ ಈ ಪಾನೀಯದ ಒಂದು ಭಾಗವೇ. ಅದಿಲ್ಲದೆ ಟಕೀಲಾದ ಉರಿ ತಗ್ಗುವುದಿಲ್ಲ. ಆಮೇಲೆ ಸಣ್ಣ ಕಣ್ಣಿನ ಜರಡಿಯಲ್ಲಿ ಸೋಸಬೇಕು.

ರುಚಿ ನೋಡಬೇಕಾದದ್ದು ಅಲ್ಲಾಡಿಸಿದ ನಂತರ. ತಣ್ಣಗಾದಾಗ ನಾಲಿಗೆಗೆ ಸಿಹಿ ಕಡಿಮೆ ತಿಳಿಯುವುದರಿಂದ, ಐಸ್ ಹಾಕುವ ಮೊದಲು ಸರಿಯೆನಿಸಿದ ಮಿಶ್ರಣ ಗ್ಲಾಸಿಗೆ ಬಂದಾಗ ಹುಳಿಯೆನಿಸುತ್ತದೆ. ಅಂಥ ಸಂದರ್ಭದಲ್ಲಿ ಅರ್ಧ ಚಮಚ ಪಾಕ ಸೇರಿಸಿದರೆ ಸಾಕು, ಹೆಚ್ಚು ಲಿಕ್ಯೂರ್ ಬೇಡ.

ಗ್ಲಾಸಿನ ಅಂಚಿಗೆ ಉಪ್ಪಿನ ಜೊತೆ ಶಿಚಿಮಿ ತೊಗರಾಶಿ ಎಂಬ ಜಪಾನಿನ ಏಳು ಮಸಾಲೆಯ ಪುಡಿಯನ್ನು ಬೆರೆಸಿ, ಅರ್ಧ ಅಂಚಿಗೆ ಮಾತ್ರ ಸವರುವುದು ನನಗೆ ಮೆಚ್ಚು. ಕುಡಿಯುವವರು ಬೇಕೆಂದಾಗ ಆ ಕಡೆಗೆ ತಿರುಗಿಸಿಕೊಳ್ಳುತ್ತಾರೆ. ಸಿಚುವಾನ್ ಮೆಣಸು ನಾಲಿಗೆಯನ್ನು ಜುಮ್ಮೆನ್ನಿಸಿ ಉಳಿದ ಸೂಕ್ಷ್ಮ ರುಚಿಗಳನ್ನು ಮುಚ್ಚುವುದರಿಂದ ಚಿಟಿಕೆ ಮೀರಬಾರದು. ಹಸಿಮೆಣಸಿನಕಾಯಿಯ ಖಾರ ಬೇಕಿದ್ದರೆ, ಸೀಳಿದ ತುಂಡನ್ನು ಟಕೀಲಾದಲ್ಲಿ ಹತ್ತು ನಿಮಿಷ ನೆನೆಸಿ ರುಚಿ ನೋಡಿ ತೆಗೆಯಬೇಕು, ಏಕೆಂದರೆ ಖಾರ ಆಲ್ಕೋಹಾಲಿನಲ್ಲಿ ಬೇಗ ಬಿಡುತ್ತದೆ. ಡಬ್ಬಿಯ ಲಿಚಿ ಬಳಸುವವರು ಅದರ ಸಿಹಿನೀರನ್ನು ಪಾಕದ ಬದಲಿಗೆ ಹಾಕಬೇಕೇ ಹೊರತು ಪಾಕದ ಜೊತೆಗಲ್ಲ.

ಟಕೀಲಾ ಮತ್ತು ಲಿಕ್ಯೂರ್ ಎರಡೂ 40% ಇದ್ದರೆ ಒಂದು ಗ್ಲಾಸಿನಲ್ಲಿ ಸುಮಾರು 19 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ, ಹುಳಿಸಿಹಿಯ ನಡುವೆ ಅದು ಗೊತ್ತಾಗುವುದಿಲ್ಲ ಎಂಬುದನ್ನು ಅತಿಥಿಗಳಿಗೂ ತಿಳಿಸಬೇಕು. ಹೆಚ್ಚು ಜನರಿಗೆ ಮಾಡುವುದಾದರೆ ಟಕೀಲಾ, ಲಿಕ್ಯೂರ್, ಪಾಕ ಈ ಮೂರನ್ನು ಹಿಂದಿನ ದಿನವೇ ಬೆರೆಸಿ ಫ್ರಿಜ್ಜಿನಲ್ಲಿಡಬಹುದು. ನಿಂಬೆರಸವನ್ನು ಮಾತ್ರ ಅಲ್ಲಾಡಿಸುವ ಸ್ವಲ್ಪ ಮೊದಲು ಹಿಂಡಿ ಸೇರಿಸಬೇಕು.