ಹಳೆಯ ಡೀಸೆಲ್ ಪಿಕಪ್: ಟಾರ್ಕ್ ಕನ್ವರ್ಟರ್ ಒಂದನ್ನೇ ಬದಲಿಸಿದರೆ ಸಾಕಾ?

ಪ್ರಶ್ನೆ: ನನ್ನ ಹತ್ತಿರ 1997ರ ಡಾಡ್ಜ್ ರಾಮ್ 2500 ಇದೆ. 5.9 ಲೀಟರ್ ಕಮ್ಮಿನ್ಸ್ ಡೀಸೆಲ್, ಆಟೊಮ್ಯಾಟಿಕ್. ಎಂಜಿನ್‌ನ ಇಂಜೆಕ್ಷನ್ ಪಂಪ್‌ನಲ್ಲಿ ಡೀಸೆಲ್ ಸ್ವಲ್ಪ ಜಾಸ್ತಿ ಮಾಡಿಸಿದೆ. ಈಗ ಟ್ರೈಲರ್ ಕಟ್ಟಿಕೊಂಡು ಏರು ಹತ್ತುವಾಗ ಎಂಜಿನ್ ಸದ್ದು ಏರುತ್ತದೆ, ಗಾಡಿ ಮಾತ್ರ ಓಡುವುದಿಲ್ಲ. ಟಾರ್ಕ್ ಕನ್ವರ್ಟರ್ ಬದಲಿಸಿದರೆ ಸರಿ ಹೋಗುತ್ತಾ?

ಉತ್ತರ: ಬದಲಿಸಬೇಕಾಗಬಹುದು. ಟಾರ್ಕ್ ಕನ್ವರ್ಟರ್ ಅಂದರೆ ಎಂಜಿನ್‌ನ ಬಲವನ್ನು ಆಯಿಲ್ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಭಾಗ. ಆದರೆ ಅದೊಂದನ್ನೇ ಬದಲಿಸಿ ಸುಮ್ನೆ ಕೂರುವ ಹಾಗಿಲ್ಲ.

ದುಡ್ಡು ಬಿಚ್ಚುವ ಮೊದಲು ಒಂದು ಪರೀಕ್ಷೆ ಮಾಡಿ. ಹಿಂದೆ ಮುಂದೆ ಗಾಡಿಗಳಿಲ್ಲದ ರಸ್ತೆಯಲ್ಲಿ, ಗಂಟೆಗೆ 55-60 ಮೈಲಿಯಲ್ಲಿ, ಟಾಪ್ ಗೇರ್‌ನಲ್ಲಿ ಒಂದೇ ಸಮ ಓಡಿಸಿ. ಆಕ್ಸಿಲರೇಟರ್ ಅಲುಗಿಸದೆ, ಎಡಗಾಲಿನಿಂದ ಬ್ರೇಕ್ ಪೆಡಲ್ ಅನ್ನು ಬರೀ ಮುಟ್ಟಿ, ಬ್ರೇಕ್ ಹಿಡಿಯಬಾರದು. ಆರ್‌ಪಿಎಂ ಚಂಗನೆ ಮೇಲೇರಿದರೆ ಕನ್ವರ್ಟರ್ ಒಳಗಿನ ಲಾಕಪ್ ಕ್ಲಚ್ (ಓಡುವಾಗ ಎಂಜಿನ್ನನ್ನು ಗೇರ್‌ಬಾಕ್ಸ್‌ಗೆ ನೇರವಾಗಿ ಜೋಡಿಸುವುದು) ಅದುವರೆಗೆ ಹಿಡಿದಿತ್ತು ಎಂದರ್ಥ. ಆಮೇಲೆ ಪೆಡಲ್ ಬಿಟ್ಟು, ಮತ್ತೆ ಲಾಕ್ ಆದ ಮೇಲೆ ಆಕ್ಸಿಲರೇಟರ್ ಅರ್ಧದವರೆಗೆ ಒತ್ತಿ. ಗೇರ್ ಬದಲಾಗದೆ, ವೇಗವೂ ಏರದೆ ಆರ್‌ಪಿಎಂ ಮುಳ್ಳು ಮಾತ್ರ ಮೇಲೆ ತೇಲಿದರೆ ಆ ಕ್ಲಚ್ ಜಾರುತ್ತಿದೆ.

ಆ ಮುಳ್ಳು ಗಂಟೆಗೆ 45 ಮೈಲಿ ವೇಗದ ಆಸುಪಾಸಿನಲ್ಲಿ ಮೇಲೆ ಕೆಳಗೆ ಕುಣಿಯುತ್ತಿದ್ದರೆ ಕಥೆ ಬೇರೆ. ಆಲ್ಟರ್ನೇಟರ್ ಡಯೋಡ್, ಥ್ರಾಟಲ್ ಸೆನ್ಸರ್, ಸಡಿಲವಾದ ಅರ್ಥ್ ವೈರ್ ನೋಡಿಸಿ. ವೈರ್‌ನ ತಪ್ಪಿಗೆ ಗೇರ್‌ಬಾಕ್ಸ್ ಬಿಚ್ಚಿಸಿದವರು ಬೇಕಾದಷ್ಟು ಜನ ಇದ್ದಾರೆ.

ಈ ಗಾಡಿಯ 47 ಆರ್‌ಇ ಗೇರ್‌ಬಾಕ್ಸ್ ಎಷ್ಟು ತಡೆಯುತ್ತದೆ ಅನ್ನುವುದು ಕಂಪನಿಗೇ ಗೊತ್ತಿತ್ತು. 1996ರಿಂದ ಮ್ಯಾನ್ಯುಯಲ್ ಗಾಡಿಗೆ 215 ಎಚ್‌ಪಿ ಕೊಟ್ಟರು, ಆಟೊಮ್ಯಾಟಿಕ್‌ಗೆ 180ಕ್ಕೇ ನಿಲ್ಲಿಸಿದರು. ಎಂಜಿನ್ ಅದೇ 5.9! ನೀವು ಡೀಸೆಲ್ ಜಾಸ್ತಿ ಮಾಡಿಸಿದಾಗ ಆ ಬೇಲಿ ದಾಟಿದಿರಿ.

ಇನ್ನು ಯಾವ ಕನ್ವರ್ಟರ್? ಇಲ್ಲೇ ಜನ ಎಡವುವುದು. ರೇಸ್‌ನ ಪೆಟ್ರೋಲ್ ಕಾರಿಗೆ ಸ್ಟಾಲ್ ಸ್ಪೀಡ್ (ಗಾಡಿ ಕದಲದಂತೆ ಹಿಡಿದಾಗ ಎಂಜಿನ್ ಏರಬಲ್ಲ ಆರ್‌ಪಿಎಂ) ಜಾಸ್ತಿ ಇರುವುದನ್ನು ಹಾಕುತ್ತಾರೆ, ಎಂಜಿನ್ ಮೇಲಿನ ಆರ್‌ಪಿಎಂನಲ್ಲಿ ಬಲ ಕೊಡುತ್ತದೆ ಅಂತ. ನಿಮ್ಮ ಕಮ್ಮಿನ್ಸ್‌ನ ಟಾರ್ಕ್ ತುದಿ ಮುಟ್ಟುವುದು 1600ರಲ್ಲೇ, 2500ಕ್ಕೆ ಎಚ್‌ಪಿಯೂ ತುದಿ ಮುಟ್ಟಿರುತ್ತದೆ. ಇದಕ್ಕೆ ಸಡಿಲ ಕನ್ವರ್ಟರ್ ಹಾಕಿದರೆ ಎತ್ತು ಏರಿಗೆ, ಕೋಣ ನೀರಿಗೆ. ಎಂಜಿನ್‌ನ ಬಲವೆಲ್ಲ ಆಯಿಲ್ ಕಡೆಯುವುದರಲ್ಲೇ ಹೋಗುತ್ತದೆ, ಆಯಿಲ್ ಕಾದು ಸುಟ್ಟ ವಾಸನೆ ಬರುತ್ತದೆ. ನಿಮಗೆ ಬೇಕಿರುವುದು ಸ್ಟಾಲ್ ಕಡಿಮೆ ಇರುವ, ಬಿಗಿಯಾದ ಕನ್ವರ್ಟರ್. ಮುಂದಿನ ಮುಚ್ಚಳ ದಪ್ಪದ್ದಿರಲಿ, ಏಕೆಂದರೆ ಕಂಪನಿಯ ತಗಡಿನ ಮುಚ್ಚಳ ಒತ್ತಡಕ್ಕೆ ಉಬ್ಬುತ್ತದೆ, ಆಗ ಕ್ಲಚ್ ಪೂರ್ತಿ ಕಚ್ಚುವುದಿಲ್ಲ. ಮೂರು ಪ್ಲೇಟಿನ ಕ್ಲಚ್ ಚೆನ್ನಾಗಿರುತ್ತದೆ ನಿಜ, ಆದರೆ ಬರೀ ಟ್ರೈಲರ್ ಎಳೆಯುವವರಿಗೆ ಒಳ್ಳೆಯ ಒಂದು ಪ್ಲೇಟಿನದೇ ಸಾಕು ಅನ್ನುವುದು ನನ್ನ ಅಭಿಪ್ರಾಯ.

ಆ ಕ್ಲಚ್ ಒತ್ತಿ ಹಿಡಿಯುವುದು ಆಯಿಲ್‌ನ ಒತ್ತಡ. ಆದ್ದರಿಂದ ಗೇರ್‌ಬಾಕ್ಸ್‌ನಲ್ಲಿ ಆಯಿಲ್‌ನ ಒತ್ತಡ ನಿಯಂತ್ರಿಸುವ ವಾಲ್ವ್ ಬಾಡಿಯನ್ನೂ ಸರಿ ಮಾಡಿಸಿ ಒತ್ತಡ ಏರಿಸಲೇಬೇಕು, ಇಲ್ಲದಿದ್ದರೆ ಹೊಸ ಕ್ಲಚ್ ಕೂಡ ಜಾರುತ್ತದೆ. ಪವರ್ ಇನ್ನೂ ಏರಿಸುವ ಆಸೆ ಇದ್ದರೆ ಕನ್ವರ್ಟರ್‌ನಿಂದ ಗೇರ್‌ಬಾಕ್ಸ್ ಒಳಗೆ ಬಲ ಒಯ್ಯುವ ಇನ್‌ಪುಟ್ ಶಾಫ್ಟ್ ಕೂಡ ಲೆಕ್ಕಕ್ಕೆ ಬರುತ್ತದೆ. ಕ್ಲಚ್ ಜಾರದಿದ್ದರೆ ಮುಂದೆ ಮುರಿಯುವುದು ಅದೇ.

ಕೂರಿಸುವಾಗ ಮೆಕ್ಯಾನಿಕ್ ಪಕ್ಕದಲ್ಲೇ ನಿಂತಿರಿ. ಕನ್ವರ್ಟರ್ ಅನ್ನು ತಿರುಗಿಸುತ್ತಾ ಒಳಗೆ ತಳ್ಳುವಾಗ ಅದು ಹಂತ ಹಂತವಾಗಿ ‘ಟಕ್’ ಎಂದು ಕೂರಬೇಕು. ಅರ್ಧ ಕೂತಿರುವಾಗ ಬೋಲ್ಟ್ ಬಿಗಿದು ಗೇರ್‌ಬಾಕ್ಸ್ ಎಳೆದುಕೊಂಡರೆ ಆಯಿಲ್ ಪಂಪ್ ಒಡೆಯುತ್ತದೆ. ಕೂಲರ್ ಮತ್ತು ಪೈಪ್‌ಗಳನ್ನೂ ತೊಳೆಸಿ, ಹಳೆಯ ಕ್ಲಚ್‌ನ ಪುಡಿ ಅಲ್ಲೇ ಕೂತಿರುತ್ತದೆ. ಆಯಿಲ್ ಎಟಿಎಫ್ ಪ್ಲಸ್ 4. ಅದರ ಮಟ್ಟ ನೋಡುವುದು ಎಂಜಿನ್ ಬಿಸಿಯಾದ ಮೇಲೆ, ಸ್ಟಾರ್ಟ್‌ನಲ್ಲಿಟ್ಟು, ಹ್ಯಾಂಡ್ ಬ್ರೇಕ್ ಎಳೆದು, ನ್ಯೂಟ್ರಲ್‌ನಲ್ಲಿ. ಪಾರ್ಕ್‌ನಲ್ಲಿ ಈ ಗೇರ್‌ಬಾಕ್ಸ್ ಕನ್ವರ್ಟರ್‌ಗೆ ಆಯಿಲ್ ಕಳಿಸುವುದೇ ಇಲ್ಲ.