‘ಕಣ್ಣು ಮುಚ್ಚಿ ಮಲಗಿರು’

ಮಕ್ಕಳ ಸುರಕ್ಷತೆ ಬಗ್ಗೆ ಸಂಸ್ಥೆಗಳ ಸಿಬ್ಬಂದಿಗೆ ತರಬೇತಿ ಕೊಡುವುದು ನನ್ನ ಕೆಲಸ. ಬ್ರಿಟನ್ನಿನ ಬಿಬಿಸಿ ಟಿವಿಯಲ್ಲಿ ನಿರೂಪಕನಾಗಿದ್ದು, ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಎಸಗುತ್ತಿದ್ದ ಜಿಮ್ಮಿ ಸ್ಯಾವಿಲ್ ಕುರಿತ ಸಾಕ್ಷ್ಯಚಿತ್ರ ನೋಡಿದವರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ. ‘ಅಷ್ಟು ವರ್ಷ ಯಾರೂ ಬಾಯಿ ಬಿಡಲಿಲ್ವಾ?’

ಬಿಟ್ಟಿದ್ದರು. ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯನ್ನೇ ನೋಡಿ. ಅಲ್ಲಿ 1968ರಿಂದ 1992ರವರೆಗೆ ಅವನು 60 ಮಂದಿಯ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ ಎಂದು 2015ರ ತನಿಖಾ ವರದಿ ಹೇಳಿತು. ಅದು ನಡೆಯುತ್ತಿದ್ದ ಕಾಲದಲ್ಲೇ ಹತ್ತು ಸಲ ವಿಷಯ ಸಿಬ್ಬಂದಿಯ ಕಿವಿಗೆ ಬಿದ್ದಿತ್ತು. ಒಂಬತ್ತು ಸಲ ಬರೀ ಬಾಯಿಮಾತು. ಒಂದು ಮಾತ್ರ ಅಧಿಕೃತ ದೂರು, 1977ರಲ್ಲಿ ಹುಡುಗಿಯೊಬ್ಬಳ ತಂದೆ ಕೊಟ್ಟದ್ದು. ಮಗಳ ಕಾಯಿಲೆ ಜೋರಾಗಿತ್ತು, ಅವರು ದೂರನ್ನು ಅಲ್ಲಿಗೇ ಬಿಟ್ಟರು. ಆಸ್ಪತ್ರೆಯೂ ಬಿಟ್ಟಿತು. ಪೊಲೀಸರಿಗೆ ಹೇಳಬೇಕಿತ್ತು, ಹೇಳಲಿಲ್ಲ.

ನನ್ನನ್ನು ಜಾಸ್ತಿ ಕಾಡುವುದು ಇನ್ನೊಂದು ಸಂಗತಿ. ಅವನು ವಾರ್ಡಿಗೆ ಬಂದಾಗ ನಿದ್ದೆ ಮಾಡುವಂತೆ ನಟಿಸಿ ಎಂದು ನರ್ಸ್‌ಗಳು ಹೇಳುತ್ತಿದ್ದರು ಅಂತ ಆಗ ರೋಗಿಗಳಾಗಿದ್ದವರು ನೆನಪಿಸಿಕೊಂಡಿದ್ದಾರೆ. ಆ ನರ್ಸ್‌ಗಳಿಗೆ ಗೊತ್ತಿತ್ತು. ಮಕ್ಕಳ ಮೇಲೆ ಪ್ರೀತಿಯೂ ಇತ್ತು, ಇಲ್ಲದಿದ್ದರೆ ಎಚ್ಚರಿಸುತ್ತಿರಲಿಲ್ಲ. ಆದರೆ ಅವನನ್ನು ಹೊರಗಿಡುವ ಅಧಿಕಾರ ಇರಲಿಲ್ಲ. ಹಾಗಾಗಿ ತಮ್ಮ ಕೈಲಾದದ್ದನ್ನು ಮಾಡಿದರು: ಕಾಪಾಡಿಕೊಳ್ಳುವ ಹೊಣೆ ಹಾಸಿಗೆಯಲ್ಲಿ ಮಲಗಿದ್ದ ಮಗುವಿನ ಮೇಲೆ ಬಿತ್ತು. ನಾನು ತರಬೇತಿ ಕೊಡುವ ಕಡೆಯೂ ಇದರ ನೆರಳು ಕಾಣುತ್ತೇನೆ. ‘ಅವರ ರೂಮಿಗೆ ಒಬ್ಬಳೇ ಹೋಗ್ಬೇಡ’ ಅಂತ ಹೊಸಬಳಿಗೆ ಹಳಬರು ಪಿಸುಗುಟ್ಟುತ್ತಾರಲ್ಲ, ಅದೇ.

ಅಧಿಕಾರ ಇದ್ದವರು ಯಾಕೆ ಸುಮ್ಮನಿದ್ದರು? ಅಲ್ಲಿನ ಬೆನ್ನುಹುರಿ ಚಿಕಿತ್ಸಾ ಕೇಂದ್ರಕ್ಕೆ ಹಣ ಎತ್ತಿಕೊಟ್ಟವನೇ ಅವನು. ಅವನನ್ನು ಎದುರು ಹಾಕಿಕೊಳ್ಳುವುದು ಅಂದರೆ ಆ ಹಣವನ್ನೂ ಎದುರು ಹಾಕಿಕೊಂಡಂತೆ.

ಸಾಕ್ಷ್ಯಚಿತ್ರಗಳ ಬಗ್ಗೆ ನನ್ನ ತಕರಾರು ಇರುವುದು ಇಲ್ಲೇ. ಹಳೆಯ ತುಣುಕುಗಳು, ಅವನ ವಿಚಿತ್ರ ನಗು, ಹಿನ್ನೆಲೆಯಲ್ಲಿ ಭಯ ಹುಟ್ಟಿಸುವ ಸಂಗೀತ. ‘ಮುಖ ನೋಡಿದರೇ ಗೊತ್ತಾಗುತ್ತಿತ್ತು’ ಅಂತ ನಮಗೆ ಅನಿಸುತ್ತದೆ. ಸುಳ್ಳು. ಆಗ ಅದೇ ನಗುವನ್ನು ಮನೆಮಂದಿಯೆಲ್ಲ ಕೂತು ನೋಡುತ್ತಿದ್ದರು. ಆದರೂ ಇಂಥ ಚಿತ್ರಗಳು ಬೇಡ ಅನ್ನಲಾರೆ. ಅವನು ಸತ್ತ 2011ರ ಕೊನೆಗೆ ಬಿಬಿಸಿಯ ಒಂದು ವಿಭಾಗ ಅವನ ಬಗ್ಗೆ ನಡೆಸುತ್ತಿದ್ದ ತನಿಖೆ ಪ್ರಸಾರವಾಗಲೇ ಇಲ್ಲ; ಕ್ರಿಸ್‌ಮಸ್‌ಗೆ ಅವನನ್ನು ನೆನೆಯುವ ಕಾರ್ಯಕ್ರಮ ಪ್ರಸಾರವಾಯಿತು. 2012ರ ಅಕ್ಟೋಬರ್‌ನಲ್ಲಿ ಐಟಿವಿ ಎಂಬ ಇನ್ನೊಂದು ಬ್ರಿಟಿಷ್ ವಾಹಿನಿಯ ಸಾಕ್ಷ್ಯಚಿತ್ರ ಬಂದ ಮೇಲೆ ನೂರಾರು ಜನ ಪೊಲೀಸರ ಮುಂದೆ ಬಂದರು.

ತರಬೇತಿಯಲ್ಲಿ ನಾನು ಚಿತ್ರ ತೋರಿಸುವುದಿಲ್ಲ. ಒಂದು ಚೀಟಿ ಕೊಡುತ್ತೇನೆ. ‘ನಿಮ್ಮ ಸಂಸ್ಥೆಗೆ ಅತಿ ಹೆಚ್ಚು ಹಣ ತರುವವರ ಮೇಲೆ ದೂರು ಬಂದರೆ ಯಾರಿಗೆ ಹೇಳುತ್ತೀರಿ? ಹೆಸರು ಬರೆಯಿರಿ.’ ಹುದ್ದೆ ಬರೆಯುವವರು ಸಿಗುತ್ತಾರೆ. ಹೆಸರು ಬರೆಯುವವರು ಕಡಿಮೆ. ಎಷ್ಟೋ ಸಲ ಅವರು ಬರೆದ ಹೆಸರು ಆ ಹಣ ತರುವವರದ್ದೇ ಆಗಿರುತ್ತದೆ.