ಒಂದು ಸಲ ಚೀಟಿ ಎತ್ತಿದರು, ಇನ್ನೊಂದು ಸಲ ಯಾರೂ ಬರಲಿಲ್ಲ: ಡೆನ್ಮಾರ್ಕಿನ ಕಡಲ ಗಾಳಿಯ ಕಥೆ

2024ರ ಡಿಸೆಂಬರ್ 5. ಉತ್ತರ ಸಮುದ್ರದ ಮೂರು ಜಾಗಗಳಲ್ಲಿ ಗಾಳಿಯಂತ್ರ ನಿಲ್ಲಿಸಲು ಡೆನ್ಮಾರ್ಕ್ ಸರ್ಕಾರ ಕರೆದಿದ್ದ ಟೆಂಡರಿಗೆ ಅವತ್ತು ಕೊನೇ ದಿನ. ಕಡಿಮೆಯೆಂದರೂ 3,000 ಮೆಗಾವ್ಯಾಟ್‌ನ ಕೆಲಸ. ಬಂದ ಅರ್ಜಿ ಎಷ್ಟು? ಒಂದೂ ಇಲ್ಲ. ಕಡಲ ಗಾಳಿಯಿಂದ ಕರೆಂಟ್ ತೆಗೆಯಬಹುದು ಅಂತ ಜಗತ್ತಿಗೆ ಮೊದಲು ತೋರಿಸಿದ ದೇಶಕ್ಕೇ ಹೀಗಾದರೆ, ಇದೆಲ್ಲ ಬರೀ ಗಾಳಿಮಾತು ಅಂತ ಯಾರಿಗಾದರೂ ಅನ್ನಿಸಬಹುದು. ಹಿಂದಿನ ಲೆಕ್ಕ ತೆಗೆದು ನೋಡಿದರೆ ಗಾಳಿಯ ತಪ್ಪೇನೂ ಕಾಣುವುದಿಲ್ಲ.

ಶುರುವಾಗಿದ್ದು 1973ರ ತೈಲ ಬಿಕ್ಕಟ್ಟಿನಿಂದ. ಆಗ ಡೆನ್ಮಾರ್ಕ್ ಬಳಸುತ್ತಿದ್ದ ಇಂಧನದಲ್ಲಿ ಹತ್ತಿರ ಹತ್ತಿರ ಶೇ 90ರಷ್ಟು ಹೊರಗಿನಿಂದ ತಂದ ಎಣ್ಣೆ. ಭಾನುವಾರ ಕಾರು ತೆಗೆಯಬೇಡಿ ಅಂತ ಜನರಿಗೆ ಹೇಳಬೇಕಾಯ್ತು. ಅಣು ವಿದ್ಯುತ್ ಬೇಕು ಅಂತ ಕಂಪನಿಗಳು ಹೇಳಿದವು, ಜನ ಬೇಡ ಅಂದರು. 1985ರಲ್ಲಿ ಸಂಸತ್ತು ಆ ಬಾಗಿಲನ್ನು ಮುಚ್ಚಿಯೇ ಬಿಟ್ಟಿತು. ಅಷ್ಟರಲ್ಲಿ ಕೃಷಿ ಉಪಕರಣ ಮಾಡುತ್ತಿದ್ದ ವೆಸ್ಟಾಸ್‌ನಂಥ ಕಂಪನಿಗಳು ಗಾಳಿಯಂತ್ರಕ್ಕೆ ಕೈ ಹಾಕಿದ್ದವು. ಆದರೆ ದೇಶ ಪುಟ್ಟದು. ಚಿತ್ರದುರ್ಗ, ಗದಗದ ಗುಡ್ಡಗಳ ಹಾಗೆ ಊರಿಂದ ದೂರ ಸಾಲಾಗಿ ಫ್ಯಾನ್ ನಿಲ್ಲಿಸುವಷ್ಟು ಜಾಗ ಅಲ್ಲಿಲ್ಲ. ಸದ್ದು ಜಾಸ್ತಿ, ನೋಟ ಕೆಟ್ಟಿತು ಅಂತ ತಕರಾರು ಬೇರೆ.

ಹಾಗಾಗಿ ಕಡಲಿಗೆ ಇಳಿದರು. 1991ರಲ್ಲಿ ಲೊಲ್ಯಾಂಡ್ ದ್ವೀಪದ ಹತ್ತಿರ, ತೀರಾ ಆಳವಿಲ್ಲದ ನೀರಿನಲ್ಲಿ, ವಿಂಡೆಬಿ ಎಂಬಲ್ಲಿ 11 ಯಂತ್ರ ನಿಂತವು. ಒಂದೊಂದೂ 450 ಕಿಲೋವ್ಯಾಟ್, ಎಲ್ಲ ಸೇರಿ 5 ಮೆಗಾವ್ಯಾಟೂ ಇಲ್ಲ. 2017ರಲ್ಲಿ ಬಿಚ್ಚುವ ಹೊತ್ತಿಗೆ ಅವು ಕೊಟ್ಟಿದ್ದು ಸುಮಾರು 24 ಕೋಟಿ ಯೂನಿಟ್. ಇವತ್ತಿನ 15 ಮೆಗಾವ್ಯಾಟ್‌ನ ಒಂದೇ ಯಂತ್ರಕ್ಕೆ ಅಷ್ಟು ತೆಗೆಯಲು ನಾಲ್ಕೈದು ವರ್ಷ ಸಾಕು.

ಆಮೇಲೆ ಕೋಪನ್‌ಹೇಗನ್ ಎದುರಿಗೇ 20 ಯಂತ್ರಗಳ ಮಿಡ್ಲ್‌ಗ್ರುಂಡನ್ ಬಂತು. ಅದರಲ್ಲಿ ಅರ್ಧ ಪಾಲು ಸಾಮಾನ್ಯ ಜನರ ಸಹಕಾರ ಸಂಘದ್ದು. 2002ರಲ್ಲಿ ಉತ್ತರ ಸಮುದ್ರದಲ್ಲಿ ಹಾರ್ನ್ಸ್ ರೆವ್, 80 ಯಂತ್ರ, 160 ಮೆಗಾವ್ಯಾಟ್. ಉಪ್ಪುಗಾಳಿ ಸುಮ್ನೆ ಬಿಡಲಿಲ್ಲ. ಎರಡೇ ವರ್ಷಕ್ಕೆ ಟ್ರಾನ್ಸ್‌ಫಾರ್ಮರ್, ಜನರೇಟರ್ ಕೈಕೊಟ್ಟು, ಎಂಬತ್ತೂ ಯಂತ್ರಗಳ ತಲೆ ಇಳಿಸಿ, ದಡಕ್ಕೆ ತಂದು ರಿಪೇರಿ ಮಾಡಿ ಮತ್ತೆ ಏರಿಸಬೇಕಾಯ್ತು.

ಇಲ್ಲಿಂದ ಮುಂದಿನ ಕಥೆ ಟೆಂಡರುಗಳದ್ದು. 2010ರಲ್ಲಿ ಆನ್‌ಹೋಲ್ಟ್ ಎಂಬ ಕಡಲ ಗಾಳಿ ಯೋಜನೆಯ 400 ಮೆಗಾವ್ಯಾಟ್‌ಗೆ ಬಂದದ್ದು ಒಂದೇ ಕಂಪನಿ. ಅದು ಕೇಳಿದ್ದು ಯೂನಿಟ್ಟಿಗೆ 105.1 ಓರ. ನೂರು ಓರ ಸೇರಿದರೆ ಡೆನ್ಮಾರ್ಕಿನ ಒಂದು ಕ್ರೋನ, ಅಂದರೆ ಒಂದು ಕ್ರೋನಕ್ಕಿಂತ ಸ್ವಲ್ಪ ಜಾಸ್ತಿ. ಮಾರುಕಟ್ಟೆಯಲ್ಲಿ ಬೆಲೆ ಬಿದ್ದರೆ ವ್ಯತ್ಯಾಸವನ್ನು ತುಂಬಿಕೊಡುವ ಹೊಣೆ ಸರ್ಕಾರದ್ದು. ದುಬಾರಿ ಅಂತ ಗಲಾಟೆಯಾಯ್ತು. 2015ರಲ್ಲಿ ಹಾರ್ನ್ಸ್ ರೆವ್ 3ಕ್ಕೆ 77 ಓರ. ಮರುವರ್ಷವೇ ಕ್ರೀಗರ್ಸ್ ಫ್ಲಾಕ್‌ಗೆ 37.2 ಓರ. ಯಂತ್ರ ದೊಡ್ಡದಾಗಿತ್ತು, ಬಡ್ಡಿ ಕಡಿಮೆ ಇತ್ತು, ಎತ್ತಿ ನಿಲ್ಲಿಸುವ ಹಡಗುಗಳೂ ನುರಿತ ಕೈಗಳೂ ಸಿಗುತ್ತಿದ್ದವು. 2021ರ ಥೋರ್ ಟೆಂಡರಿನಲ್ಲಂತೂ ಹಲವು ಕಂಪನಿಗಳು ಬರೆಯಬಹುದಾದ ಅತಿ ಕಡಿಮೆ ದರವನ್ನೇ ಬರೆದವು, ಒಂದು ಓರದ ನೂರನೇ ಒಂದು ಭಾಗ. ಎಲ್ಲರದ್ದೂ ಒಂದೇ ಆದಾಗ ಏನು ಮಾಡೋದು? ಚೀಟಿ ಎತ್ತಿದರು. ಗೆದ್ದದ್ದು ಜರ್ಮನಿಯ ಆರ್‌ಡಬ್ಲ್ಯುಇ. ಮಾರುಕಟ್ಟೆ ಬೆಲೆ ಬರೆದ ದರಕ್ಕಿಂತ ಜಾಸ್ತಿ ಇರುವುದರಿಂದ, ಸರ್ಕಾರ ಕೊಡುವ ಬದಲು ಆ ಕಂಪನಿಯೇ ಸರ್ಕಾರಕ್ಕೆ 280 ಕೋಟಿ ಕ್ರೋನ ಕಟ್ಟಬೇಕಾಗುವ ಲೆಕ್ಕ.

ಸಬ್ಸಿಡಿಯ ಕಾಲ ಮುಗೀತು ಅಂತ ಸರ್ಕಾರ ನಂಬಿದ್ದು ಇಲ್ಲೇ ಅಂತ ನನಗನ್ನಿಸುತ್ತದೆ. 2024ರ ಷರತ್ತು ನೋಡಿ: ಸಬ್ಸಿಡಿ ಇಲ್ಲ, ಕಡಲಿನಿಂದ ದಡದ ತನಕ ಕೇಬಲ್ ನೀವೇ ಹಾಕಿ, ಶೇ 20 ಪಾಲು ನಮ್ಮದು, ಜೊತೆಗೆ ಯಾರು ಜಾಸ್ತಿ ದುಡ್ಡು ಕೊಡುತ್ತೀರೋ ಅವರಿಗೆ ಜಾಗ. ಥೋರ್‌ಗೆ ಮುಂಚೆ, ಆನ್‌ಹೋಲ್ಟ್‌ನಂಥ ದೊಡ್ಡ ಯೋಜನೆಗಳಿಗೆ ಸಮುದ್ರದ ಕೇಬಲ್ ಹಾಕಿಕೊಟ್ಟಿದ್ದು ಸರ್ಕಾರಿ ಗ್ರಿಡ್ ಸಂಸ್ಥೆ. ಅಷ್ಟರಲ್ಲಿ ಯುಕ್ರೇನ್ ಯುದ್ಧದ ನಂತರ ಬಡ್ಡಿ ಏರಿತ್ತು, ಉಕ್ಕು ತುಟ್ಟಿಯಾಗಿತ್ತು. ಡೆನ್ಮಾರ್ಕಿನದೇ ಓರ್ಸ್ಟೆಡ್ ಕಂಪನಿ 2023ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಎರಡು ಯೋಜನೆಗಳನ್ನೇ ಕೈಬಿಟ್ಟಿತ್ತು.

ಇನ್ನೊಂದು ತೊಡಕು ಜನರಿಗೆ ಅಷ್ಟಾಗಿ ಗೊತ್ತಿಲ್ಲ. ಗಾಳಿ ಬೀಸಿದಾಗ ಎಲ್ಲರ ಯಂತ್ರವೂ ಒಟ್ಟಿಗೇ ತಿರುಗುತ್ತದೆ. ಸುಗ್ಗಿಯಲ್ಲಿ ಟೊಮೆಟೊ ಬೆಲೆ ಬೀಳುವ ಹಾಗೆ ಕರೆಂಟಿನ ಬೆಲೆಯೂ ಬೀಳುತ್ತದೆ, ಕೆಲವು ಗಂಟೆ ಸೊನ್ನೆಗಿಂತ ಕೆಳಗೂ ಹೋಗುತ್ತದೆ. ದೇಶ ಬಳಸುವ ವಿದ್ಯುತ್ತಿನಲ್ಲಿ ಅರ್ಧಕ್ಕಿಂತ ಜಾಸ್ತಿ ಗಾಳಿಯದ್ದೇ ಆದಾಗ ಇದು ಆಗಲೇಬೇಕಲ್ವಾ. ಇಷ್ಟು ದಿನ ಇದನ್ನು ತಡೆದುಕೊಂಡಿದ್ದೇ ಅಕ್ಕಪಕ್ಕದವರಿಂದ. ನಾರ್ವೆಗೆ ಸಮುದ್ರದಡಿ ಕೇಬಲ್ 1970ರ ದಶಕದಲ್ಲೇ ಬಿದ್ದಿತ್ತು, ಕಡಲಲ್ಲಿ ಒಂದೂ ಗಾಳಿಯಂತ್ರ ಇಲ್ಲದ ಕಾಲದಲ್ಲಿ. ಗಾಳಿ ಜೋರಿದ್ದಾಗ ಡೆನ್ಮಾರ್ಕಿನ ಕರೆಂಟ್ ಅತ್ತ ಹೋಗುತ್ತದೆ, ನಾರ್ವೆಯವರು ಅಣೆಕಟ್ಟಿನ ನೀರನ್ನು ಬಿಡದೆ ಉಳಿಸಿಕೊಳ್ಳುತ್ತಾರೆ. ಗಾಳಿ ನಿಂತಾಗ ಆ ನೀರು ಕರೆಂಟಾಗಿ ಇತ್ತ ಬರುತ್ತದೆ. 2023ರ ಕೊನೆಗೆ ಬ್ರಿಟನ್ ಕಡೆಗೂ 765 ಕಿಲೋಮೀಟರಿನ ಕೇಬಲ್ ಶುರುವಾಯ್ತು. ಆದರೂ ಹೊಸದಾಗಿ 3,000 ಮೆಗಾವ್ಯಾಟ್ ಸುರಿದರೆ ಕೊಳ್ಳುವವರು ಯಾರು? ಅದರಿಂದ ಹೈಡ್ರೋಜನ್ ಮಾಡಿ ಪೈಪಿನಲ್ಲಿ ಜರ್ಮನಿಗೆ ಕಳಿಸುವ ಯೋಚನೆ ಇತ್ತು. ಟೆಂಡರ್ ಮುಗಿಯುವ ದಿನ ಪೈಪ್ ಇನ್ನೂ ಕಾಗದದ ಮೇಲೇ ಇತ್ತು.

ಸರ್ಕಾರ ಆ ಟೆಂಡರ್ ಕೈಬಿಟ್ಟಿತು. 2025ರ ಮೇ ತಿಂಗಳಲ್ಲಿ ಪಕ್ಷಗಳು ಕೂತು ಮಾತಾಡಿ, ಅಷ್ಟೇ 3,000 ಮೆಗಾವ್ಯಾಟ್‌ಗೆ ಗರಿಷ್ಠ ಸುಮಾರು 5,500 ಕೋಟಿ ಕ್ರೋನದ ಬೆಂಬಲ ಕೊಡಲು ಒಪ್ಪಿದವು. ಬೆಲೆ ಬಿದ್ದರೆ ಸರ್ಕಾರ ತುಂಬಿಕೊಡುತ್ತದೆ, ಇದು ಆನ್‌ಹೋಲ್ಟ್ ಕಾಲದ ಪದ್ಧತಿಯೇ. ಈ ಸಲ ಬೆಲೆ ಏರಿದರೆ ಹೆಚ್ಚುವರಿ ದುಡ್ಡನ್ನು ಕಂಪನಿ ಸರ್ಕಾರಕ್ಕೆ ವಾಪಸ್ ಕಟ್ಟಬೇಕು.